ಏಳಡಿ ಅಡುಗೆಮನೆಗೆ ಐದು ವಾರಾಂತ್ಯ

ಹಳೆಯ ಅಡುಗೆಮನೆಯೊಂದನ್ನು ಒಡೆಯದೆ ಸರಿಪಡಿಸುವ ಕೆಲಸ, ಸಿಂಕಿನ ಕೆಳಗಿನ ಮೂಲೆಯೊಂದನ್ನು ಬಿಟ್ಟು, ಮುಗಿದಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಅಡುಗೆಮನೆ ಬೀದಿಗೆ ಹತ್ತು ಸಿಗುತ್ತವೆ. ಉದ್ದ 7 ಅಡಿ 2 ಇಂಚು, ಅಗಲ 6 ಅಡಿ. ಉದ್ದದ ಗೋಡೆಗೆ ಕಪ್ಪು ಗ್ರಾನೈಟಿನ ಕಟ್ಟೆ, ಎದುರು ಗೋಡೆಯಲ್ಲಿ ಕಡಪ ಕಲ್ಲಿನ ಹಲಗೆಗಳ ತೆರೆದ ಗೂಡು, ತಲೆಯ ಮೇಲೆ ಸಜ್ಜ. ಕಟ್ಟೆಯಿಂದ ಎರಡಡಿ ಎತ್ತರದವರೆಗೆ ಕೆನೆಬಣ್ಣದ ಟೈಲು, ನಡುನಡುವೆ ದ್ರಾಕ್ಷಿ ಗೊಂಚಲಿನ ಚಿತ್ರ. ಎಲ್ಲ ಒಡೆದು ಮಾಡ್ಯುಲರ್ ಮಾಡಿಸಲು ಕೇಳಿದ ದರ ಒಂದೂಮುಕ್ಕಾಲು ಲಕ್ಷ. ಒಡೆಯದೆ ಮಾಡಿದ್ದಕ್ಕೆ ಆದ ಖರ್ಚು 16,410 ರೂಪಾಯಿ. ಅದರಲ್ಲಿ 1,430 ಶುದ್ಧ ದಂಡ, ಎಲ್ಲಿ ಹೋಯಿತು ಎಂಬುದು ಮುಂದೆ ಬರುತ್ತದೆ.

ಬಳಸಿದ ಸಾಮಾನು: ಟೇಪು, ಒಂದಡಿ ಮಟ್ಟಗೋಲು, ಹ್ಯಾಮರ್ ಡ್ರಿಲ್, 6 ಮಿ.ಮೀ. ಟೈಲ್ ಬಿಟ್ ಒಂದು, 6 ಮಿ.ಮೀ. ಗೋಡೆ ಬಿಟ್ ಒಂದು, ಸ್ಕ್ರೂ ಡ್ರೈವರ್, ಹ್ಯಾಕ್ಸಾ ಬ್ಲೇಡಿನ ತುಂಡು, ಹಳೆಯ ಎಟಿಎಂ ಕಾರ್ಡು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ). ಪ್ಲೈವುಡ್ ಕೆಲಸಕ್ಕೆ ಎರಡು ದಿನ ಬಡಗಿ ಬಂದಿದ್ದರು.

1. ಅಳತೆ (ಮೊದಲನೇ ಶನಿವಾರ)

ಎಲ್ಲವನ್ನೂ ಇಳಿಸಿ ಹಾಲ್‌ನಲ್ಲಿ ಹಳೆ ಪೇಪರ್ ಹಾಸಿ ಹರಡಲು ಎರಡೂವರೆ ಗಂಟೆ ಬೇಕಾಯಿತು. ಗೋಡೆ ಅಳೆಯುವ ಮುಂಚೆ ಡಬ್ಬಿ ಅಳೆಯಿರಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೊಂದೇ.

ಡಬ್ಬಿ, ಬಾಟಲಿ, ಭರಣಿ ಸೇರಿ 49. ಎತ್ತರದ ಪ್ರಕಾರ ಮೂರು ಗುಂಪು ಮಾಡಿದಾಗ 6 ಇಂಚಿನೊಳಗಿನವು 27, 6ರಿಂದ 9 ಇಂಚಿನವು 14, ಅದಕ್ಕೂ ಎತ್ತರದವು 8. ಗೂಡಿನ ಕಡಪ ಹಲಗೆಗಳ ನಡುವಿನ ಅಂತರ ಮಾತ್ರ ಎಲ್ಲ ಕಡೆಯೂ 18 ಇಂಚು. ಐದು ಇಂಚಿನ ಸಾಸಿವೆ ಡಬ್ಬಿಯ ಮೇಲೆ ಒಂದಡಿಗಿಂತ ಹೆಚ್ಚು ಬರೀ ಗಾಳಿ. ಜಾಗ ಸಾಲದು ಎಂದು ಕಟ್ಟೆಯ ಮೇಲೆ ಸ್ಟ್ಯಾಂಡ್ ಮೇಲೆ ಸ್ಟ್ಯಾಂಡ್ ತಂದಿಟ್ಟಿದ್ದ ಮನೆಯಲ್ಲಿ ಗೂಡಿನ ಅರ್ಧಕ್ಕರ್ಧ ಖಾಲಿ ಇತ್ತು, ಆದರೆ ಅಗಲದಲ್ಲಿ ಅಲ್ಲ, ಎತ್ತರದಲ್ಲಿ.

ಗೂಡಿನ ಒಳಗಲ 70 ಇಂಚು, ಆಳ 10 ಇಂಚು. ಕಟ್ಟೆಯ ಎತ್ತರ 32 ಇಂಚು, ಆಳ 23. ಕಟ್ಟೆಯ ಕೆಳಗೆ ಎರಡು ಕಡಪ ಕಾಲುಗಳಿಂದ ಮೂರು ಖಾನೆ: ಎಡಕ್ಕೆ ಒಲೆಯ ಕಡೆ ಸಿಲಿಂಡರ್, ಬಲತುದಿಯಲ್ಲಿ ಸಿಂಕು, ನಡುವಿನದು ಹೆಸರಿಗೆ 24 ಇಂಚಿನ ಖಾನೆ. 'ಹೆಸರಿಗೆ' ಎಂದದ್ದೇಕೆಂದರೆ, ಕಡಪ ನಿಲ್ಲಿಸುವಾಗ ತೂಗುಗುಂಡು ಹಿಡಿಯುವ ಮೇಸ್ತ್ರಿ ಅಪರೂಪ. ಮೇಲೆ 610 ಮಿ.ಮೀ., ನಡುವೆ 600, ಹಿಂಬದಿಯ ಮೂಲೆಯಲ್ಲಿ 587. ಮೂರು ಎತ್ತರದಲ್ಲಿ, ಮುಂದೆ ಮತ್ತು ಹಿಂದೆ, ಒಟ್ಟು ಆರು ಸಲ ಟೇಪು ಹಿಡಿದು ಅತಿ ಚಿಕ್ಕದನ್ನು ಬರೆದುಕೊಳ್ಳಬೇಕು. ಉಳಿದ ಐದು ಅಳತೆ ಮರೆತುಬಿಡಿ.

2. ಜಿಡ್ಡು ಹೋಯಿತು, ಕಡಪ ಕೆಟ್ಟಿತು (ಮೊದಲನೇ ಭಾನುವಾರ)

ಒಲೆಯ ಹಿಂದಿನ ಟೈಲಿನ ಜಿಡ್ಡಿಗೆ ಎರಡು ಲೀಟರ್ ಬಿಸಿನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ. ಬಟ್ಟೆ ಅದ್ದಿ ಟೈಲಿಗೆ ಅಂಟಿಸಿ ಹದಿನೈದು ನಿಮಿಷ ಬಿಟ್ಟರೆ ಎಟಿಎಂ ಕಾರ್ಡಿನಲ್ಲಿ ಕೆರೆದಾಗ ಜಿಡ್ಡು ಹಲ್ವದಂತೆ ಸುರುಳಿಯಾಗಿ ಬರುತ್ತದೆ. ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಇದೇ ನೀರಿಗೆ ಹಾಕಬೇಡಿ, ಕಪ್ಪಗಾಗುತ್ತದೆ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೂ ಇದೇ ನೀರು ಸಾಕು, ಆದರೆ ಮೊದಲು ಅದು ಯಾವ ಲೋಹ ಎಂದು ನೋಡಿಕೊಳ್ಳಿ.

ತಪ್ಪಾದದ್ದು ಗೂಡಿನಲ್ಲಿ. ನೀರಿನ ಫಿಲ್ಟರ್ ಇಡುತ್ತಿದ್ದ ಕಡಪ ಹಲಗೆಯ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟಿತ್ತು. ನಲ್ಲಿಯ ಮೇಲಿನ ಇಂಥದೇ ಕಲೆ ವಿನೆಗರಿಗೆ ಹೋಗಿದ್ದರಿಂದ ಕಲ್ಲಿಗೂ ಅದನ್ನೇ ಸುರಿದದ್ದಾಯಿತು. ಸಣ್ಣಗೆ ನೊರೆ ಬಂತು. ಕಲೆ ಹೋಯಿತು, ಅದರ ಜೊತೆ ಕಲ್ಲಿನ ಕಪ್ಪೂ ಹೋಯಿತು: ತಟ್ಟೆಯಗಲ ಬೂದಿ ಬಣ್ಣದ ಮಚ್ಚೆ, ಬೆರಳಾಡಿಸಿದರೆ ಒರಟು.

ಕಾರಣ ಸರಳ. ಕಟ್ಟೆಯ ಗ್ರಾನೈಟ್ ಬೇರೆ, ಗೂಡಿನ ಕಡಪ ಬೇರೆ. ಕಡಪ ಸುಣ್ಣದ ಕಲ್ಲಿನ ಜಾತಿ. ವಿನೆಗರ್, ನಿಂಬೆರಸ, ಹುಣಸೆಹುಳಿ, ಟಾಯ್ಲೆಟ್ ಕ್ಲೀನರ್, ಹುಳಿ ಯಾವುದಾದರೂ ಅದನ್ನು ತಿನ್ನುತ್ತದೆ. ಉಪ್ಪಿನಕಾಯಿ ಭರಣಿಯ ತಳದಲ್ಲಿ ಕಾಣುವ ಬಿಳಿ ಬಳೆ ಕೂಡ ಕಲೆಯಲ್ಲ, ಕಲ್ಲು ಸವೆದ ಗುರುತು. ಅದನ್ನು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಯಾವ ಕಲ್ಲು ಎಂಬ ಅನುಮಾನವಿದ್ದರೆ ಹಲಗೆಯ ಹಿಂದಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ನೋಡಿ.

ಸರಿಪಡಿಸಿದ ಬಗೆ: ವಾಟರ್ ಪೇಪರ್ 220, 400, 600, 1000, ಈ ಕ್ರಮದಲ್ಲೇ, ನೀರು ಹಾಕಿಕೊಂಡು, ಮರದ ತುಂಡಿಗೆ ಸುತ್ತಿ. ಪ್ರತಿ ನಂಬರಿಗೂ ಹತ್ತು ನಿಮಿಷ. ನಡುವೆ ಒಂದು ನಂಬರ್ ಹಾರಿಸಿದರೆ ಹಿಂದಿನ ಗೀರು ಉಳಿಯುತ್ತದೆ. 400 ಹಾರಿಸಿ ನೋಡಿ ಮತ್ತೆ 220ಕ್ಕೆ ಮರಳಬೇಕಾಯಿತು. ಮಚ್ಚೆಯನ್ನಷ್ಟೇ ಉಜ್ಜಿದರೆ ಅಲ್ಲಿ ಗುಳಿ ಬೀಳುತ್ತದೆ, ಸುತ್ತ ಒಂದು ಗೇಣು ಹರಡಿಕೊಂಡು ಉಜ್ಜಬೇಕು. ಕೊನೆಗೆ ಕಲ್ಲಿಗೆ ಹಚ್ಚುವ ಮೇಣದ ಪಾಲಿಶ್. ಕೊಬ್ಬರಿ ಎಣ್ಣೆ ಒರೆಸಿದರೂ ಆ ಕ್ಷಣಕ್ಕೆ ಕಪ್ಪು ಬರುತ್ತದೆ, ಆದರೆ ಧೂಳು ಕೂರುತ್ತದೆ, ತಿಂಗಳೊಪ್ಪತ್ತಿನಲ್ಲಿ ಕಮಟು ವಾಸನೆ. ಹತ್ತಿರದಿಂದ ನೋಡಿದರೆ ಮಚ್ಚೆ ಈಗಲೂ ಗೊತ್ತಾಗುತ್ತದೆ. ಅದರ ಮೇಲೆ ಅಕ್ಕಿ ಡಬ್ಬಿ ಇಟ್ಟಿದೆ.

3. ಟೈಲಿನ ಸಂದು ಮತ್ತು ಸ್ಟಿಕ್ಕರು (ಎರಡನೇ ವಾರಾಂತ್ಯ)

ಟೈಲು ಗಟ್ಟಿಯಾಗಿತ್ತು, ಸಂದಿನ ಬಿಳಿ ಸಿಮೆಂಟ್ ಮಾತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು ಸಂದನ್ನು 3 ಮಿ.ಮೀ. ಆಳ ಕೆರೆದು, ಬ್ರಷ್ಷಿನಲ್ಲಿ ಧೂಳು ತೆಗೆದು, ಒಂದು ರಾತ್ರಿ ಒಣಗಲು ಬಿಟ್ಟು ಎಪಾಕ್ಸಿ ಗ್ರೌಟ್ (ಕಲಸಿ ಸಂದಿಗೆ ತುಂಬುವ, ಗಟ್ಟಿಯಾಗುವ ಅಂಟು). ಒಂದು ಕೆಜಿ ಪ್ಯಾಕಿಗೆ 780 ರೂ.

ಮೊದಲ ಪ್ಯಾಕನ್ನು ಒಟ್ಟಿಗೇ ಕಲಸಿದ್ದು ತಪ್ಪು. ಕಲಸಿದ ಮೇಲೆ ಬಳಸಿ ಮುಗಿಸಲು 45 ನಿಮಿಷದ ಅವಧಿ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚಾಗಿತ್ತು. ಮಧ್ಯಾಹ್ನ ಎರಡು ಗಂಟೆ, ಕಿಟಕಿಯಿಂದ ನೇರ ಬಿಸಿಲು, ಜೊತೆಗೆ ಮುದ್ದೆಯಾಗಿ ಡಬ್ಬದಲ್ಲಿ ಇಟ್ಟರೆ ಅದು ತನ್ನಷ್ಟಕ್ಕೆ ಬಿಸಿಯಾಗುತ್ತದೆ. 25 ನಿಮಿಷಕ್ಕೆ ಡಬ್ಬದೊಳಗೇ ಕಲ್ಲು. ಅರ್ಧ ಗೋಡೆ ಬಾಕಿ, 780 ಕಸದ ಬುಟ್ಟಿಗೆ. ಎರಡನೇ ಪ್ಯಾಕನ್ನು ಮರುದಿನ ಬೆಳಿಗ್ಗೆ ಏಳಕ್ಕೆ, ಅಡುಗೆಮನೆಯ ತಕ್ಕಡಿಯಲ್ಲಿ ಎರಡೂ ಭಾಗ ತೂಗಿ ಕಾಲು ಕಾಲು ಕೆಜಿಯಂತೆ ಕಲಸಿ, ಡಬ್ಬದ ಬದಲು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಳಸಿದಾಗ ಒಂದು ಚೂರೂ ವ್ಯರ್ಥವಾಗಲಿಲ್ಲ. ಟೈಲಿನ ಮೇಲೆ ಉಳಿಯುವ ಮಬ್ಬನ್ನು ಒದ್ದೆ ಸ್ಪಾಂಜಿನಿಂದ ಆಗಿಂದಾಗಲೇ ಒರೆಸಬೇಕು. ನಾಳೆ ನೋಡೋಣ ಎಂದರೆ ನಾಳೆಗೆ ಅದು ಟೈಲಿನ ಭಾಗ.

ದ್ರಾಕ್ಷಿ ಗೊಂಚಲನ್ನು ಮುಚ್ಚಲು ಒಲೆಯ ಹಿಂದೆ ಹೂಬಳ್ಳಿಯ ವಿನೈಲ್ ಸ್ಟಿಕ್ಕರ್, 400 ರೂ. ಅಂಟಿಸಿದ ದಿನ ಚೆನ್ನಾಗಿಯೇ ಕಂಡಿತು. ಒಂಬತ್ತನೇ ದಿನ ದೊಡ್ಡ ಬರ್ನರಿನ ಎದುರಿಗೆ ಪೂರಿಯಂತೆ ಉಬ್ಬಿತು, ಕೆಳಗಿನ ಅಂಚು ಸುರುಳಿ ಸುತ್ತಿತು. ಹಿಂದೆ ಎಣ್ಣೆ ಇಳಿದು ಗೋಂದು ಅಂಬಲಿ. ಬೆಂಕಿಗೆ ಅಷ್ಟು ಹತ್ತಿರ ಪ್ಲಾಸ್ಟಿಕ್ಕಿನದು ಏನನ್ನೂ ಅಂಟಿಸಬಾರದು, ಅದು ಅಪಾಯವೂ ಹೌದು. ಹೇರ್ ಡ್ರೈಯರ್ ಹಿಡಿದು ಮೂಲೆಯಿಂದ ಎಳೆದರೆ ಹಾಳೆ ಬರುತ್ತದೆ, ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಸೋಪಿನಿಂದ ತೊಳೆದರೆ ಸಾಕು.

4. ಮೆಟ್ಟಿಲು ಹಲಗೆ (ಮೂರನೇ ಶನಿವಾರ, ಬೆಳಿಗ್ಗೆ)

ಹದಿನೆಂಟು ಇಂಚಿನ ಗಾಳಿಗೆ ಉತ್ತರ: ಹಲಗೆಯ ಹಿಂದಿನ ಅರ್ಧಕ್ಕೆ ಮಾತ್ರ ಒಂದು ಮಣೆ. 12 ಮಿ.ಮೀ. ಪ್ಲೈ, 35 ಇಂಚು ಉದ್ದ, 5 ಇಂಚು ಆಳ, ಕಾಲಿನ ಎತ್ತರ 7 ಇಂಚು. ಒಂದು ಹಂತಕ್ಕೆ ಎರಡು ಮಣೆ, ಎರಡು ಹಂತಕ್ಕೆ ನಾಲ್ಕು.

ಮುಂಚೆ ನಾಲ್ಕೂವರೆ ಇಂಚಿನ ಡಬ್ಬಿ ಎರಡು ಸಾಲು, ಒಟ್ಟು 30 ಹಿಡಿಯುತ್ತಿತ್ತು, ಹಿಂದಿನ ಸಾಲು ಕಾಣುತ್ತಿರಲಿಲ್ಲ. ಈಗ ಮುಂದೆ 15, ಮಣೆಯ ಮೇಲೆ 15, ಮಣೆಯ ಕೆಳಗೆ ಇನ್ನೊಂದು ಸಾಲು. ಕೆಳಗಿನದು ಕತ್ತಲೆ ಸಾಲು. ಅಲ್ಲಿ ಹೆಚ್ಚುವರಿ ಸಕ್ಕರೆ, ಬೇಳೆ ಪ್ಯಾಕೆಟ್ಟು, ಸಂಡಿಗೆ ಡಬ್ಬಿಯಂಥವು. ದಿನಬಳಕೆಯದೆಲ್ಲ ಉಳಿದ ಎರಡು ಸಾಲಿಗೆ. ಮಣೆಯ ಮೇಲೆ ಹತ್ತು ಇಂಚಿಗೂ ಸ್ವಲ್ಪ ಹೆಚ್ಚು ಜಾಗ ಉಳಿಯುವುದರಿಂದ ಒಂಬತ್ತು ಇಂಚಿನ ಡಬ್ಬಿ ಆರಾಮ.

ಮೊದಲ ಮಣೆ ಒಂದೇ ವಾರದಲ್ಲಿ ಬಾಗಿತು. ಎರಡು ತುದಿಗೆ ಮಾತ್ರ ಕಾಲು, ಮೇಲೆ ಸುಮಾರು 11 ಕೆಜಿ, ನಡುವೆ ಅಳೆದರೆ 8 ಮಿ.ಮೀ. ತಗ್ಗು. 12 ಮಿ.ಮೀ. ಪ್ಲೈಗೆ ನಡುವೆ ಆಧಾರವಿಲ್ಲದ ಮೂರಡಿ ಹತ್ತಿರದ ಉದ್ದ ಜಾಸ್ತಿ. 18ರ ಪ್ಲೈ ಹಾಕಿದರೆ ಎತ್ತರ ಹೋಗುತ್ತದೆ, ಹಣವೂ ಹೋಗುತ್ತದೆ. ನಡುವೆ ಮೂರನೆಯ ಕಾಲು, ಮುಂದಿನ ಅಂಚಿನ ಕೆಳಗೆ ಒಂದು ಇಂಚಿನ ನಿಲುವು ಪಟ್ಟಿ, ಫೆವಿಕಾಲ್ ಮತ್ತು ಸ್ಕ್ರೂ. ಮತ್ತೆ ಬಾಗಿಲ್ಲ.

ಡಬ್ಬಿ ಹೊಸದಾಗಿ ಕೊಳ್ಳುವವರಿಗೆ ಒಂದು ಲೆಕ್ಕ: ಸಾಲಾಗಿ ಜೋಡಿಸಿದ ದುಂಡು ಡಬ್ಬಿಗಳ ನಡುವೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿರುತ್ತದೆ. ಚೌಕ ಡಬ್ಬಿ ಅಷ್ಟನ್ನು ಉಳಿಸುತ್ತದೆ. ಆದರೆ ಇರುವ ಸ್ಟೀಲ್ ಡಬ್ಬಿಗಳನ್ನು ಎಸೆದು ಒಂದೇ ಥರದ ಪ್ಲಾಸ್ಟಿಕ್ ಡಬ್ಬಿ ತರುವುದು ಫೋಟೋಗೆ ಚೆಂದ, ಅಷ್ಟೇ. ಸ್ಟೀಲಿನವೇ ಉಳಿದವು. ಕಾಗದದ ಚೀಟಿ ಎರಡೇ ವಾರದಲ್ಲಿ ಎಣ್ಣೆ ಕುಡಿದದ್ದರಿಂದ ಮುಚ್ಚಳದ ಬದಿಗೆ ಪೇಂಟ್ ಮಾರ್ಕರಿನಲ್ಲಿ ಹೆಸರು ಬರೆದಿದೆ.

5. ಡ್ರಾಯರ್ ಪೆಟ್ಟಿಗೆ (ಮೂರನೇ ಶನಿವಾರ, ಭಾನುವಾರ)

ನಡುವಿನ ಖಾನೆಯಲ್ಲಿ ಈಗಾಗಲೇ ಅಡ್ಡ ಕಡಪ ಇದೆ, ಮೇಲಿನ ಭಾಗ 13 ಇಂಚು. ಆ ಅಡ್ಡ ಹಲಗೆ ಗೋಡೆಯೊಳಗೆ ಹುದುಗಿದೆ. ತೆಗೆಯಲು ಹೋದರೆ ಕಟ್ಟೆಯ ಕಾಲೇ ಸಡಿಲವಾಗಬಹುದು. ಕಡಪಕ್ಕೆ ನೇರ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಕೂರಿಸುವ ಉಪಾಯ ಕೆಲವರು ಹೇಳುತ್ತಾರೆ. ಡ್ರಿಲ್ ಹಿಡಿದರೆ ಕಡಪ ಪದರ ಪದರವಾಗಿ ಸಿಡಿಯುವ ಕಲ್ಲು, ಆ ದಾರಿ ಬೇಡ. ಹೊರಗೆ ಪೂರ್ತಿ ಪೆಟ್ಟಿಗೆ ಮಾಡಿ, ಅದರೊಳಗೆ ಎರಡು ಡ್ರಾಯರ್ ಕೂರಿಸಿ, ಇಡೀ ಪೆಟ್ಟಿಗೆಯನ್ನು ಖಾನೆಗೆ ತಳ್ಳುವುದೇ ಸರಿ.

ಪ್ಲೈ 18 ಮಿ.ಮೀ., ಐಎಸ್ 710 ಮುದ್ರೆಯ ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರಿಗೂ ಬಿಡದ ಪ್ಲೈ. ಸಿದ್ದಯ್ಯ ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಕಟ್ ಪೀಸ್ ಸಿಗುತ್ತದೆ, ಪೂರ್ತಿ ಎಂಟು-ನಾಲ್ಕು ಶೀಟು ಹೊರುವ ಅಗತ್ಯವಿಲ್ಲ. ಐಎಸ್ 303 ಮುದ್ರೆಯದು ಅಗ್ಗ, ಆದರೆ ಪಕ್ಕದಲ್ಲೇ ಸಿಂಕು ಇರುವಾಗ ಆ ಉಳಿತಾಯ ಬೇಡ.

ಲೆಕ್ಕ ಹೀಗೆ ಹಾಕಿದ್ದು: ಖಾನೆಯ ಅತಿ ಚಿಕ್ಕ ಅಗಲ 587. ಸಲೀಸಾಗಿ ಹೋಗಲು 6 ಕಳೆದರೆ ಪೆಟ್ಟಿಗೆಯ ಹೊರ ಅಗಲ 581. ಎರಡು ಬದಿಯ ಪ್ಲೈ 36 ಕಳೆದರೆ ಒಳ ಅಗಲ 545. ಟೆಲಿಸ್ಕೋಪಿಕ್ ಚಾನೆಲಿಗೆ ಬದಿಗೆ 13ರಂತೆ 26 ಕಳೆದರೆ ಡ್ರಾಯರಿನ ಹೊರ ಅಗಲ 519. ಕಾಗದದ ಮೇಲೆ ಎಲ್ಲ ಸರಿ.

ಕೂರಿಸಿದಾಗ ಡ್ರಾಯರ್ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಚಾನೆಲ್ ಓರೆಯಿರಬೇಕೆಂದು ಎರಡು ಸಲ ಬಿಚ್ಚಿ ಮಟ್ಟಗೋಲು ಇಟ್ಟದ್ದಾಯಿತು. ಓರೆ ಇರಲಿಲ್ಲ. ಲೆಕ್ಕದಲ್ಲಿ ಸನ್‌ಮೈಕಾ ಬಿಟ್ಟುಹೋಗಿತ್ತು. ಒಳಗೆ ಅಂಟಿಸುವ ಹಾಳೆ 0.8 ಮಿ.ಮೀ. ಪೆಟ್ಟಿಗೆಯ ಒಳಬದಿ ಎರಡು, ಡ್ರಾಯರಿನ ಹೊರಬದಿ ಎರಡು, ನಾಲ್ಕು ಪದರಕ್ಕೆ 3.2 ಮಿ.ಮೀ. 26 ಇರಬೇಕಾದ ಜಾಗದಲ್ಲಿ ಉಳಿದದ್ದು 22.8. ಚಾನೆಲ್ ಜೋಡಿಯ ದಪ್ಪವೇ 25ಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲಿಂದ ಓಡಬೇಕು ಅದು?

ಸನ್‌ಮೈಕಾ ಕೀಳುವುದಕ್ಕಿಂತ ಡ್ರಾಯರ್ ಬಿಚ್ಚಿ ಮುಂದಿನ, ಹಿಂದಿನ ಅಡ್ಡಪಟ್ಟಿ ಮತ್ತು ತಳದ ಹಾಳೆಯಿಂದ 3 ಮಿ.ಮೀ. ಕತ್ತರಿಸುವುದು ಸುಲಭ. ಎರಡು ಡ್ರಾಯರಿಗೆ ಬಡಗಿಯ ಅರ್ಧ ದಿನ. ಈಗ ಬದಿಗೆ 12.9 ಉಳಿದು ಬೆರಳಿನಲ್ಲಿ ತಳ್ಳಿದರೆ ಹೋಗುತ್ತದೆ. ಅಂಟಿಸುವ ಪ್ರತಿಯೊಂದು ಹಾಳೆಯೂ ಅಳತೆಯಲ್ಲಿ ಬರಬೇಕು, ಅನುಭವಿ ಬಡಗಿಗೆ ಮಾತಿನಲ್ಲಿ ಹೇಳದಿದ್ದರೆ ಅವರು ಕಚ್ಚಾ ಪ್ಲೈ ಅಳತೆಗೇ ಕತ್ತರಿಸುತ್ತಾರೆ.

ಮೇಲಿನ ಡ್ರಾಯರ್ 4 ಇಂಚು: ಚಮಚ, ಇಕ್ಕಳ, ಲಟ್ಟಣಿಗೆ, ಚಾಕು. ಕೆಳಗಿನದು 6 ಇಂಚಿಗೂ ಸ್ವಲ್ಪ ಹೆಚ್ಚು: ಬಟ್ಟಲು, ಲೋಟ, ಒಗ್ಗರಣೆ ಡಬ್ಬಿ. ಚಾನೆಲ್ 20 ಇಂಚಿನದು, ಜೋಡಿಗೆ 420 ರೂ. ಖಾನೆಯ ಆಳ ಅಳೆಯುವಾಗ ಹಿಂದಿನ ಗೋಡೆಯಲ್ಲಿ ನೀರಿನ ಪೈಪು ಉಬ್ಬಿದೆಯೇ ಎಂದು ಕೈ ಹಾಕಿ ನೋಡಿ. ಇಲ್ಲಿ ಇರಲಿಲ್ಲ, ಅದೃಷ್ಟ. ಪೆಟ್ಟಿಗೆಯನ್ನು ಎಲ್ಲಿಗೂ ಬಿಗಿದಿಲ್ಲ. ಹಿಂದೆ ಜಿರಳೆ ಸೇರಿದರೆ ಇಡಿಯಾಗಿ ಎಳೆದು ಗುಡಿಸಬಹುದು.

6. ಟೈಲಿಗೆ ತೂತು (ನಾಲ್ಕನೇ ಶನಿವಾರ)

ಸೌಟುಗಳಿಗೆ ನಾಲ್ಕಡಿಯ ಸ್ಟೀಲ್ ಸರಳು. ಮೊದಲು ಅಂಟಿಸುವ ಕೊಕ್ಕೆಗಳನ್ನು ತಂದು ನೋಡಿದ್ದಾಯಿತು, 250 ರೂ. ಹಬೆಗೂ ಎಣ್ಣೆ ಪಸೆಗೂ ಒಂದೊಂದಾಗಿ ಉದುರಿದವು, ಕೊನೆಯದು ರಾತ್ರಿ ಎರಡು ಗಂಟೆಗೆ ಜಾಲಿ ಸೌಟಿನ ಸಮೇತ.

ಸರಳಿನ ಎತ್ತರಕ್ಕೂ ಟೇಪೇ ಬೇಕು. ಕಣ್ಣಂದಾಜಿನಲ್ಲಿ ಕಟ್ಟೆಯಿಂದ 14 ಇಂಚಿಗೆ ಗುರುತು ಹಾಕಿತ್ತು. ಉದ್ದನೆಯ ಸೌಟು 13 ಇಂಚು, ಕೊಕ್ಕೆ ಒಂದೂವರೆ ಇಂಚು: ಸೌಟಿನ ತಲೆ ಕಟ್ಟೆಗೆ ತಾಗುತ್ತಿತ್ತು. 17ಕ್ಕೆ ಏರಿಸಿದ್ದರಿಂದ ಕೆಳಗೆ ಎರಡೂವರೆ ಇಂಚು ಉಳಿಯಿತು, ಒರೆಸುವ ಬಟ್ಟೆ ಹೋಗುತ್ತದೆ. ಕಟ್ಟೆಯ ಗೋಡೆಯಲ್ಲೂ ಮೇಲೆ ಒಂದು ಕಡಪ ಹಲಗೆ ಇದೆ, ಕಟ್ಟೆಯಿಂದ 20 ಇಂಚಿನಲ್ಲಿ, ಕೊಕ್ಕೆ ಎತ್ತಿ ತೆಗೆಯಲು ನಡುವಿನ ಮೂರು ಇಂಚು ಸಾಕು.

ತೂತಿನ ಕ್ರಮ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಪಟ್ಟಿಯಲ್ಲಿ ಮತ್ತು ನಲ್ಲಿಯ ನೇರದಲ್ಲಿ ತೂತು ಬೇಡ, ಒಳಗೆ ವೈರು ಅಥವಾ ಪೈಪು ಇರುತ್ತದೆ. ಟೈಲಿನ ಅಂಚಿನಿಂದ ಕನಿಷ್ಠ ಒಂದು ಇಂಚು ಒಳಗೆ. ಗುರುತಿನ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿದರೆ ಬಿಟ್ ಜಾರುವುದಿಲ್ಲ. ಮೊದಲು ಟೈಲ್ ಬಿಟ್, ಹ್ಯಾಮರ್ ಆಫ್, ನಿಧಾನ ವೇಗ. ಬಿಳಿ ಪುಡಿ ನಿಂತು ಬೂದು ಸಿಮೆಂಟ್ ಪುಡಿ ಬರಲು ಶುರುವಾದರೆ ಟೈಲು ದಾಟಿತು ಎಂದರ್ಥ. ಆಗ ಗೋಡೆ ಬಿಟ್ ಹಾಕಿ ಹ್ಯಾಮರ್ ಆನ್. ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು. ಅಲ್ಲಿಂದ ಇನ್ನೊಂದು ಇಂಚು ಒಳಗೆ ಹೋಗಬೇಕು, ಬರೀ ಗಾರೆಯಲ್ಲಿ ನಿಂತ ಸ್ಕ್ರೂ ಭಾರಕ್ಕೆ ಕಿತ್ತು ಬರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಎರಡನೇ ಟೈಲು ಸೀಳಿತು, ತೂತು ಕೊರೆಯುವಾಗ ಅಲ್ಲ, ಸ್ಕ್ರೂ ಬಿಗಿಯುವಾಗ. ಸ್ಕ್ರೂ ಹಿಡಿಯಲು ತೂತಿನೊಳಗೆ ಹಾಕುವ ಪ್ಲಾಸ್ಟಿಕ್ ಗಟ್ಟಾವನ್ನು ಟೈಲಿನ ಮಟ್ಟಕ್ಕೆ ಸಮನಾಗಿ ಕೂರಿಸಿತ್ತು. ಸ್ಕ್ರೂ ಒಳಗೆ ಹೋದಂತೆ ಗಟ್ಟಾ ಉಬ್ಬುತ್ತದೆ, ಅದು ಇಟ್ಟಿಗೆಯೊಳಗೆ ಉಬ್ಬಬೇಕು. ಅದರ ಕುತ್ತಿಗೆ ಟೈಲಿನ ದಪ್ಪದಲ್ಲೇ ಇದ್ದರೆ ಒತ್ತಡ ಟೈಲಿನ ಮೇಲೆ, ಟಿಕ್ ಎಂಬ ಸದ್ದು, ತೂತಿನಿಂದ ಅಂಚಿನವರೆಗೆ ಕೂದಲೆಳೆಯ ಬಿರುಕು. ಉಳಿದ ತೂತುಗಳಲ್ಲಿ ಹಳೆಯ ಸ್ಕ್ರೂವಿನ ತಲೆಯಿಂದ ತಟ್ಟಿ ಗಟ್ಟಾವನ್ನು ಟೈಲು ಪೂರ್ತಿ ದಾಟುವಷ್ಟು, ಇಲ್ಲಿ ಸುಮಾರು 8 ಮಿ.ಮೀ., ಒಳಕ್ಕೆ ಇಳಿಸಿ, ಸ್ಕ್ರೂವನ್ನು ಅಷ್ಟೇ ಉದ್ದದ್ದಾಗಿ ಆರಿಸಿಕೊಂಡದ್ದರಿಂದ ಮತ್ತೆ ಸೀಳಲಿಲ್ಲ. ಬಿರುಕಿಗೆ ಉಳಿದ ಎಪಾಕ್ಸಿ ಗ್ರೌಟ್ ಉಜ್ಜಿದೆ. ದ್ರಾಕ್ಷಿ ಬಳ್ಳಿಯ ದಂಟಿನ ಪಕ್ಕ ಅದೂ ಒಂದು ದಂಟಿನಂತೆ ಕಾಣುತ್ತದೆ.

7. ತಗಡು, ದೀಪ, ಸಿಲಿಂಡರ್ (ನಾಲ್ಕನೇ ಭಾನುವಾರ)

ಸ್ಟಿಕ್ಕರ್ ಹೋದ ಜಾಗಕ್ಕೆ 30×24 ಇಂಚಿನ, 304 ದರ್ಜೆಯ ಸ್ಟೀಲ್ ತಗಡು, 0.8 ಮಿ.ಮೀ. ದಪ್ಪ, ನಾಲ್ಕೂ ಅಂಚು ಮಡಿಸಿದ್ದು, 1,450 ರೂ. ಅಂಚು ಮಡಿಸದಿದ್ದರೆ ಒರೆಸುವ ಕೈ ಕೊಯ್ಯುತ್ತದೆ. ಆಯಸ್ಕಾಂತ ಅಂಟದಿದ್ದರೆ 304 ಎಂದು ಅಂಗಡಿಯಲ್ಲಿ ತೋರಿಸುತ್ತಾರೆ. ಅದು ಪರೀಕ್ಷೆಯಲ್ಲ, 202ಕ್ಕೂ ಅಂಟುವುದಿಲ್ಲ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ತಗಡನ್ನು ಅಂಟಿಸದೆ ಎರಡು ಕೊಕ್ಕೆಗೆ ತೂಗುಹಾಕಿದೆ. ವಾರಕ್ಕೊಮ್ಮೆ ಇಳಿಸಿ ಬಚ್ಚಲಲ್ಲಿ ತೊಳೆದರೆ ಗೋಡೆ ತಿಕ್ಕುವ ಕೆಲಸವೇ ಇಲ್ಲ.

ದೀಪದ ಸಮಸ್ಯೆ ಇಂಥ ಎಲ್ಲ ಅಡುಗೆಮನೆಯದ್ದೂ ಒಂದೇ: ಟ್ಯೂಬ್‌ಲೈಟ್ ಬೆನ್ನ ಹಿಂದಿನ ಗೋಡೆಯಲ್ಲಿ, ನೆರಳು ಈರುಳ್ಳಿಯ ಮೇಲೆ. ಕಟ್ಟೆಯ ಮೇಲಿನ ಕಡಪ ಹಲಗೆಯ ಅಡಿಗೆ ಎರಡಡಿಯ ಎಲ್‌ಇಡಿ ಬ್ಯಾಟನ್ (ಪಟ್ಟಿ ದೀಪ) ಎರಡು, ಬೆಳಕಿನ ಬಣ್ಣ 4000 ಕೆಲ್ವಿನ್. 6500ರ ಬಿಳಿ ಹೊಳಪಿನ ಗ್ರಾನೈಟಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಬ್ಯಾಟನ್ನನ್ನು ಗೋಡೆಗೆ ಒತ್ತಿ ಅಲ್ಲ, ಹಲಗೆಯ ಮುಂದಿನ ಅಂಚಿನಿಂದ ಒಂದು ಇಂಚು ಒಳಗೆ ಕೂರಿಸಬೇಕು, ಆಗ ಬೆಳಕು ಹೆಚ್ಚುಮಣೆಯ ಮೇಲೇ ಬೀಳುತ್ತದೆ. ಡಬಲ್ ಟೇಪು ಮೂರೇ ದಿನ ತಡೆಯಿತು. ಕಲ್ಲನ್ನು 220ರ ಪೇಪರಿನಲ್ಲಿ ಒರಟು ಮಾಡಿ, ಅರ್ಧ ಇಂಚಿನ ಅಲ್ಯೂಮಿನಿಯಂ ಆ್ಯಂಗಲನ್ನು ಅರಾಲ್ಡೈಟಿನಿಂದ ಅಂಟಿಸಿ, ರಾತ್ರಿಯಿಡೀ ಕೋಲು ಕೊಟ್ಟು ನಿಲ್ಲಿಸಿ, ಬ್ಯಾಟನ್ನನ್ನು ಆ್ಯಂಗಲಿಗೆ ಸ್ಕ್ರೂ ಮಾಡಿದ್ದು ನಿಂತಿದೆ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು.

ಸಿಲಿಂಡರಿಗೆ ಚಕ್ರದ ಟ್ರಾಲಿ ತಂದು ವಾಪಸ್ ಕೊಟ್ಟದ್ದಾಯಿತು, ಹಣ ಪೂರ್ತಿ ಬಂತು. ಕಟ್ಟೆಯ ಅಡಿಗೆ ಇರುವುದು 30 ಇಂಚು, ಸಿಲಿಂಡರ್ ಬಳೆ ಸಮೇತ 25, ಟ್ರಾಲಿ 3. ಉಳಿಯುವ ಎರಡು ಇಂಚಿನಲ್ಲಿ ರೆಗ್ಯುಲೇಟರ್ ತಿರುಗಿಸಲು ಕೈ ಹೋಗುವುದಿಲ್ಲ. ಅವಸರದಲ್ಲಿ ಆಫ್ ಮಾಡಲಾಗದ ಗ್ಯಾಸು ಮನೆಯಲ್ಲಿ ಇರಬಾರದು. ಅದೇ ಕಾರಣಕ್ಕೆ ಆ ಖಾನೆಗೆ ಬಾಗಿಲನ್ನೂ ಹಾಕಿಲ್ಲ. ಹಾಕಲೇಬೇಕೆಂದರೆ ಕೆಳಭಾಗದಲ್ಲಿ ಜಾಲರಿ ಬಿಡಿ, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಗ್ಯಾಸಿನ ಟ್ಯೂಬು ಡ್ರಾಯರ್ ಪೆಟ್ಟಿಗೆಯ ಹಿಂದೆ ಹಾಯಬಾರದು. ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಮೇಲೆ ಅಚ್ಚಾದ ವರ್ಷ ಓದಲು ಹೋದಾಗಲೇ ಗೊತ್ತಾದದ್ದು, ಇಲ್ಲಿಯದು ಅವಧಿ ಮೀರಿ ಎಂಟು ತಿಂಗಳಾಗಿತ್ತು. ಅಂದೇ ಬದಲಾಯಿಸಿದ್ದು. ಆ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

8. ಬಣ್ಣ (ಐದನೇ ವಾರಾಂತ್ಯ)

ಕ್ರಮ ತಪ್ಪಿತು. ಬಣ್ಣ ಎಲ್ಲಕ್ಕಿಂತ ಮೊದಲು, ಜಿಡ್ಡು ತೊಳೆದ ಮರುದಿನವೇ ಆಗಬೇಕಿತ್ತು. ಕೊನೆಗೆ ಇಟ್ಟುಕೊಂಡದ್ದರಿಂದ ಮಣೆ, ಸರಳು, ದೀಪ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಬೇಕಾಯಿತು. ಆದರೂ ಸನ್‌ಮೈಕಾ ಮೇಲೆ ಹನಿ ಬಿದ್ದಿದೆ.

ಒಲೆಯ ಮೇಲಿನ ಗೋಡೆಗೆ ನೇರ ಎಮಲ್ಷನ್ ಬಳಿದರೆ ಹಳೆಯ ಮಸಿ ಹಳದಿಯಾಗಿ ಮತ್ತೆ ಮೇಲೆದ್ದು ಬರುತ್ತದೆ. ಸೋಡಾ ನೀರು, ಆಮೇಲೆ ಬರೀ ನೀರು, ಒಂದು ದಿನ ಒಣಗುವಿಕೆ, ಒಂದು ಕೋಟು ಆಯಿಲ್ ಪ್ರೈಮರ್, ಅದರ ಮೇಲೆ ತೊಳೆಯಬಹುದಾದ ಎಮಲ್ಷನ್ ಎರಡು ಕೋಟು. ಬಣ್ಣದ ಆಯ್ಕೆಗೆ ಪುಸ್ತಕ ತಿರುವುವ ಬದಲು ದ್ರಾಕ್ಷಿಯ ಎಲೆಗೆ ಶೇಡ್ ಕಾರ್ಡ್ ಹಿಡಿದು ಅದೇ ಮಂದ ಹಸಿರನ್ನು ಸಜ್ಜದ ಮುಂದಿನ ಪಟ್ಟಿಗೂ ಗೂಡಿನ ಹಿಂಗೋಡೆಗೂ ಬಳಿದದ್ದು. ಉಳಿದ ಗೋಡೆ ಬಿಳಿ. ಮುಚ್ಚಲು ಹೊರಟಿದ್ದ ಗೊಂಚಲು ಈಗ ಬೇಕೆಂದೇ ಇಟ್ಟ ಹಾಗೆ ಕಾಣುತ್ತದೆ. ಅಲಂಕಾರ ಎಂದು ಬೇರೆ ಏನನ್ನೂ ತಂದಿಲ್ಲ. ಹಸಿರು ಹಿನ್ನೆಲೆಗೆ ಸ್ಟೀಲ್ ಡಬ್ಬಿ, ಹಿತ್ತಾಳೆಯ ಕಾಫಿ ಫಿಲ್ಟರ್ ಸಾಕಷ್ಟು ಚೆಂದ.

ಸಜ್ಜಕ್ಕೆ ಹೋದದ್ದು ವರ್ಷಕ್ಕೆ ಎರಡು ಮೂರು ಸಲ ಇಳಿಸುವಂಥವು ಮಾತ್ರ: ಚಕ್ಕುಲಿ ಒರಳು, ದೊಡ್ಡ ಕೊಳಗ, ಹೋಳಿಗೆ ಹಂಚು. ಮುಂಭಾಗಕ್ಕೆ ಹಗ್ಗದ ಹಿಡಿ ಕಟ್ಟಿದ ಕ್ರೇಟು, ಸ್ಟೂಲಿನ ಮೇಲೆ ನಿಂತು ಎಳೆಯಲು.

ಲೆಕ್ಕ, ರೂಪಾಯಿಗಳಲ್ಲಿ

ಪ್ಲೈ 4,150, ಚಾನೆಲ್ 840, ಸನ್‌ಮೈಕಾ 950, ಫೆವಿಕಾಲ್, ಸ್ಕ್ರೂ, ಅಂಚುಪಟ್ಟಿ 480, ಗ್ರೌಟ್ ಎರಡು ಪ್ಯಾಕ್ 1,560, ತಗಡು 1,450, ಸರಳು, ಬ್ರಾಕೆಟ್, ಕೊಕ್ಕೆ 690, ದೀಪ 520, ಎಲೆಕ್ಟ್ರಿಷಿಯನ್ 600, ಬಣ್ಣ, ಪ್ರೈಮರ್, ಬ್ರಷ್ 1,680, ವಾಟರ್ ಪೇಪರ್, ಮೇಣ, ಸೋಡಾ 240, ಬಡಗಿ ಎರಡು ದಿನ 2,600, ಸ್ಟಿಕ್ಕರ್ 400, ಅಂಟು ಕೊಕ್ಕೆ 250. ಒಟ್ಟು 16,410. ದಂಡ: ಗಟ್ಟಿಯಾದ ಗ್ರೌಟ್ 780, ಸ್ಟಿಕ್ಕರ್, ಅಂಟು ಕೊಕ್ಕೆ. ಡ್ರಾಯರ್ ತಿದ್ದಿದ ಅರ್ಧ ದಿನದ ಕೂಲಿಯನ್ನೂ ಸೇರಿಸಿದರೆ ದಂಡ 2,000 ದಾಟುತ್ತದೆ.

ಬಾಕಿ: ಸಿಂಕಿನ ಕೆಳಗೆ

ಇಲ್ಲಿ ಪ್ಲೈ ಹಾಕಿಲ್ಲ, ಎರಡು ಪ್ಲಾಸ್ಟಿಕ್ ಕ್ರೇಟು ಮಾತ್ರ. ನೆಲ ಒಣಗುತ್ತಲೇ ಇಲ್ಲ. ವೇಸ್ಟ್ ಪೈಪಿನ ವಾಷರ್ ಬದಲಾಯಿಸಿದರೂ ಬೆಳಿಗ್ಗೆ ಅಂಗೈಯಗಲ ತೇವ. ಪೈಪಿನ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ ಒಂದು ಹಗಲು ಬಿಟ್ಟು ನೋಡಿದಾಗ ಮೂರೂ ಒಣ, ಆದರೆ ಸಿಂಕಿನ ಅಂಚಿನ ಕೆಳಗೆ ಗ್ರಾನೈಟಿಗೆ ಅಂಟಿಸಿದ ನಾಲ್ಕನೆಯದು ಒದ್ದೆ. ಅಂದರೆ ನೀರು ಪೈಪಿನದಲ್ಲ, ಸಿಂಕಿಗೂ ಕಲ್ಲಿಗೂ ನಡುವಿನ ಹಳೆಯ ಸಿಲಿಕೋನ್ ಬಿಟ್ಟುಕೊಂಡಿದೆ. ಹಳೆಯದನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ ಹೊಸದು ಎಳೆಯಬೇಕು, ನ್ಯೂಟ್ರಲ್ ಎಂದು ಬರೆದಿರುವ ಟ್ಯೂಬೇ ಆಗಬೇಕು. ವಿನೆಗರ್ ವಾಸನೆ ಬರುವ ಅಗ್ಗದ್ದು ಹುಳಿ ಬಿಡುತ್ತದೆ, ಪಕ್ಕದಲ್ಲೇ ಕಡಪ ಕಾಲಿದೆ. ಎಳೆದ ಮೇಲೆ 24 ಗಂಟೆ ನಲ್ಲಿ ತಿರುಗಿಸುವಂತಿಲ್ಲ. ಅದಕ್ಕೆ ಮನೆಯವರೆಲ್ಲ ಊಟಕ್ಕೆ ಹೊರಗೆ ಹೋಗುವ ಭಾನುವಾರ ಬೇಕು. ಇನ್ನೂ ಸಿಕ್ಕಿಲ್ಲ.